ದಿವಾಳಿಯ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ?

ಕಾರ್ಖಾನೆ ನಡೆಯುತ್ತಿರುವಾಗ ಅದರ ಒಡೆಯರು ಯಾರೆಂಬುದು ಎಲ್ಲರಿಗೂ ಗೊತ್ತು. ಕಾರ್ಖಾನೆ ಮುಳುಗಿದ ದಿನ ಅದರ ಒಡೆಯರು ಯಾರು? ಲಾಭ ಹಂಚುವಾಗ ಮುಂದೆ ಕುಳಿತಿದ್ದ ಷೇರುದಾರರು ಅಂದು ಕಣ್ಣಿಗೆ ಬೀಳುವುದಿಲ್ಲ. ಗೇಟಿನ ಹೊರಗೆ ಕಾರ್ಮಿಕರು ನಿಂತಿರುತ್ತಾರೆ. ಅವರ ಪಕ್ಕದಲ್ಲಿ ಉದ್ರಿ ಕೊಟ್ಟ ವ್ಯಾಪಾರಿಗಳು ಬಿಲ್ಲು ಹಿಡಿದು ನಿಂತಿರುತ್ತಾರೆ. ಗೇಟಿನ ಒಳಗೆ ಬೀಗದ ಕೈ ಇಟ್ಟುಕೊಂಡು ಕುಳಿತವನು ಒಬ್ಬ ವಕೀಲ. ಅವನನ್ನು ನೇಮಿಸಿದವರು ಯಾರು, ಅವನು ಯಾರ ಪರವಾಗಿ ದುಡಿಯುತ್ತಾನೆ, ಅವನ ಫೀಸು ಎಲ್ಲಿಂದ ಬರುತ್ತದೆ, ಅವನು ಎದ್ದುಹೋದ ಮೇಲೆ ಯಾರ ಪಾಲಿಗೆ ಏನು ಉಳಿಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ ಆ ದೇಶದಲ್ಲಿ ದುಡಿಮೆಗೆ ಎಷ್ಟು ಬೆಲೆ ಎಂಬುದೂ ತಿಳಿದಂತೆಯೇ ಸರಿ.

ಈ ವಾರ ನಾವು ಸ್ವೀಡನ್ ದೇಶದ ದಿವಾಳಿ ವಕೀಲರ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅಷ್ಟು ದೂರದ ಮಾತು ನಮಗೇಕೆಂದು ಕೆಲವು ಓದುಗರು ಕೇಳಬಹುದು. ಸ್ವೀಡನ್ ಎಂದರೆ ಸಮಾಜವಾದದ ನಂದನವನವೆಂದು ಹೊಗಳುವವರು ನಮ್ಮಲ್ಲಿದ್ದಾರೆ. ಅಲ್ಲಿಯೂ ಬಂಡವಾಳಗಾರರದೇ ರಾಜ್ಯವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡು ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಪೂರ್ತಿ ಸತ್ಯವನ್ನು ತಿಳಿಯಬೇಕಾದರೆ ಸುಖದ ದಿನದ ಲೆಕ್ಕವನ್ನಲ್ಲ, ದಿವಾಳಿಯ ದಿನದ ಲೆಕ್ಕವನ್ನು ನೋಡಬೇಕು. ಸಂಸಾರದ ಒಗ್ಗಟ್ಟು ತಿಳಿಯುವುದು ಪಾಲಾಗುವ ದಿನವೇ ಅಲ್ಲವೆ?

ಮೊದಲು ನಡೆದದ್ದನ್ನು ಹೇಳೋಣ. ನಾರ್ತ್‌ವೋಲ್ಟ್ ಎಂಬುದು 2016ರಲ್ಲಿ ಹುಟ್ಟಿದ ಕಂಪೆನಿ. ವಿದ್ಯುತ್ತಿನಿಂದ ಓಡುವ ಮೋಟಾರು ಗಾಡಿಗಳಿಗೆ ಬ್ಯಾಟರಿ ತಯಾರಿಸುವುದು ಅದರ ಉದ್ಯೋಗ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪೀಟರ್ ಕಾರ್ಲ್‌ಸನ್ ಅದಕ್ಕೆ ಮುಂಚೆ ಅಮೆರಿಕದ ಟೆಸ್ಲಾ ಕಂಪೆನಿಯಲ್ಲಿದ್ದರು. ಉತ್ತರ ಸ್ವೀಡನ್ನಿನ ಶೆಲೆಫ್ತೆಯೊ ಪಟ್ಟಣದಲ್ಲಿ ಭಾರಿ ಕಾರ್ಖಾನೆ ಎದ್ದಿತು. 2021ರ ಡಿಸೆಂಬರಿನಲ್ಲಿ ಅಲ್ಲಿಂದ ಮೊದಲ ಬ್ಯಾಟರಿ ಸೆಲ್ ಹೊರಬಂತು. ಜರ್ಮನಿಯ ಫೋಕ್ಸ್‌ವ್ಯಾಗನ್, ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ದೊಡ್ಡ ಷೇರುದಾರರು. ಸ್ವೀಡನ್ನಿನ ದುಡಿಯುವ ಜನರ ಪಿಂಚಣಿ ನಿಧಿಗಳೂ ಅದರಲ್ಲಿ ಹಣ ತೊಡಗಿಸಿದ್ದವು.

ಆದರೆ ಮಾಲು ಹೇಳಿದಷ್ಟು ಹೊರಬರಲಿಲ್ಲ. 2024ರ ಜೂನಿನಲ್ಲಿ ಬಿ.ಎಂ.ಡಬ್ಲ್ಯು. ಕಂಪೆನಿ 200 ಕೋಟಿ ಯೂರೋ ಬೆಲೆಯ ಆರ್ಡರನ್ನು ಹಿಂತೆಗೆದುಕೊಂಡಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ 1,600 ಕೆಲಸಗಳನ್ನು ಕಡಿತ ಮಾಡುವುದಾಗಿ ಕಂಪೆನಿ ಸಾರಿತು. ನವೆಂಬರ್ 21ರಂದು ಅಮೆರಿಕದ ಟೆಕ್ಸಾಸಿನ ಕೋರ್ಟಿಗೆ ಹೋಗಿ ರಕ್ಷಣೆ ಬೇಡಿತು. ಆ ಹೊತ್ತಿಗೆ ಸಾಲ ಸುಮಾರು 580 ಕೋಟಿ ಡಾಲರು. ಕೈಯಲ್ಲಿದ್ದ ನಗದು ಸುಮಾರು 3 ಕೋಟಿ ಡಾಲರು. ಕೊನೆಗೆ 2025ರ ಮಾರ್ಚ್ 12ರಂದು ಸ್ವೀಡನ್ನಿನಲ್ಲಿಯೇ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ ಸಾಲ 800 ಕೋಟಿ ಡಾಲರನ್ನು ದಾಟಿತ್ತು. ಸ್ವೀಡನ್ನಿನಲ್ಲಿ ಅದರ ಕೆಲಸಗಾರರು ಸುಮಾರು 5,000. ಸ್ಟಾಕ್‌ಹೋಮಿನ ಜಿಲ್ಲಾ ನ್ಯಾಯಾಲಯ ಮಿಕಾಯೆಲ್ ಕುಬು ಎಂಬ ವಕೀಲರನ್ನು ದಿವಾಳಿ ನಿರ್ವಾಹಕರನ್ನಾಗಿ ನೇಮಿಸಿತು. ಅಂದಿನಿಂದ ಕಾರ್ಖಾನೆಯ ಬೀಗದ ಕೈ ಅವರ ವಶವಾಯಿತು.

ಸ್ವೀಡನ್ನಿನಲ್ಲಿ ಇದೊಂದು ಬೇರೆಯೇ ವೃತ್ತಿ. ಅಲ್ಲಿಯ ಈ ಬಗೆಯ ವಕೀಲಿಯಲ್ಲಿ ಎರಡು ಕವಲುಗಳಿವೆ. ಮುಳುಗುವ ಮುನ್ನ ಕಂಪೆನಿಯ ಪಕ್ಕದಲ್ಲೋ ಬ್ಯಾಂಕಿನ ಪಕ್ಕದಲ್ಲೋ ಕುಳಿತು ಸಾಲದ ಗಡುವು ಮುಂದಕ್ಕೆ ಹಾಕಿಸುವುದು, ಹೊಸ ಸಾಲ ತರಿಸುವುದು, ಹಳೆಯ ಸಾಲವನ್ನು ಕಡಿತ ಮಾಡಿಸುವುದು ಒಂದು ಕವಲು. ಇದನ್ನು ಪುನರ್ವ್ಯವಸ್ಥೆ ಎನ್ನುತ್ತಾರೆ. ಇದಕ್ಕಾಗಿ 2022ರ ಆಗಸ್ಟ್ 1ರಿಂದ ಹೊಸ ಕಾಯಿದೆಯೊಂದು ಜಾರಿಯಲ್ಲಿದೆ. ಮುಳುಗಿದ ಮೇಲೆ ನ್ಯಾಯಾಲಯದ ಪರವಾಗಿ ಬಂದು ಉಳಿದದ್ದನ್ನು ಮಾರಿ ಹಂಚುವುದು ಇನ್ನೊಂದು ಕವಲು. ನಿರ್ವಾಹಕನಿಗೆ ಆ ಕೆಲಸಕ್ಕೆ ಬೇಕಾದ ವಿಶೇಷ ತಿಳಿವಳಿಕೆ ಮತ್ತು ಅನುಭವ ಇರಬೇಕು, ಸಾಲಿಗರ ನಂಬಿಕೆಗೆ ಅವನು ಪಾತ್ರನಾಗಿರಬೇಕು ಎಂದು 1987ರ ದಿವಾಳಿ ಕಾಯಿದೆ ಹೇಳುತ್ತದೆ. ಅವನ ನಿಷ್ಪಕ್ಷಪಾತದ ಬಗ್ಗೆ ಶಂಕೆ ಹುಟ್ಟಿಸುವ ಸಂಬಂಧ ಸಾಲಗಾರನೊಡನೆಯಾಗಲಿ ಸಾಲಿಗನೊಡನೆಯಾಗಲಿ ಇರಕೂಡದು. ಅವನು ಮಾಲಿಕನ ವಕೀಲನಲ್ಲ, ಬ್ಯಾಂಕಿನ ವಕೀಲನೂ ಅಲ್ಲ. ಎಲ್ಲ ಸಾಲಿಗರಿಗೂ ಸೇರಿದವನು. ಅವನ ಮೇಲೆ ಕಣ್ಣಿಡಲು ಸರಕಾರದ ಒಂದು ಮೇಲ್ವಿಚಾರಣಾ ಕಚೇರಿಯೂ ಉಂಟು.

ಕಾಗದದ ಮೇಲೆ ಇದು ಒಪ್ಪುವಂಥದೇ. ಇನ್ನು ಪಂಕ್ತಿಗೆ ಬರೋಣ.

ಮೊದಲ ಎಲೆ ದಿವಾಳಿಯ ಖರ್ಚಿಗೆ. ನಿರ್ವಾಹಕನ ಫೀಸು ಅದರಲ್ಲಿಯೇ ಸೇರಿದೆ. ಉಳಿದ ಸಾಲಗಳಿಗಿಂತ ಮುಂಚೆ ಇದು ತೀರಬೇಕು. ಫೀಸು ಎಷ್ಟೆಂಬುದನ್ನು ನ್ಯಾಯಾಲಯವೇ ನಿಗದಿ ಮಾಡುತ್ತದೆ; ಮೇಲ್ವಿಚಾರಣಾ ಕಚೇರಿಯ ಅಭಿಪ್ರಾಯವನ್ನೂ ಕೇಳುತ್ತದೆ; ಕೆಲಸಕ್ಕೂ ಕುಶಲತೆಗೂ ಆಸ್ತಿಯ ಗಾತ್ರಕ್ಕೂ ತಕ್ಕುದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಖರ್ಚಿಗೆ ಸಾಲುವಷ್ಟು ಆಸ್ತಿಯೇ ಇಲ್ಲದಿದ್ದರೆ ಸರಕಾರ ಕೊಡುತ್ತದೆ. ಅಂತೂ ವಕೀಲನಿಗೆ ನಷ್ಟವಿಲ್ಲ. ನಾವು ಹೊಟ್ಟೆಕಿಚ್ಚಿನಿಂದ ಇದನ್ನು ಹೇಳುತ್ತಿಲ್ಲ. ಹೆಣ ಹೊರುವವನಿಗೂ ಕೂಲಿ ಸಲ್ಲಬೇಕು. ಕೂಲಿ ಖಾತ್ರಿಯಿಲ್ಲದಿದ್ದರೆ ಸಮರ್ಥರು ಈ ಕೆಲಸಕ್ಕೆ ಬರುವುದಿಲ್ಲ, ಅಸಮರ್ಥರ ಕೈಯಲ್ಲಿ ಇದ್ದ ಆಸ್ತಿಯೂ ಕರಗುತ್ತದೆ ಎಂಬ ವಾದವನ್ನೂ ಒಪ್ಪೋಣ. ನಾವು ಕೇಳುವುದು ಇಷ್ಟೆ: ಕೂಲಿ ಖಾತ್ರಿಯಿಲ್ಲದೆ ವಕೀಲ ಬರುವುದಿಲ್ಲವೆಂಬುದು ನ್ಯಾಯವಾದರೆ, ಮಗ್ಗದ ಮುಂದೆ ನಿಂತವನಿಗೆ ಅದೇ ನ್ಯಾಯ ಏಕಿಲ್ಲ?

ಎರಡನೆಯ ಎಲೆ ಅಡಮಾನ ಹಿಡಿದ ಬ್ಯಾಂಕಿಗೆ. ಸಣ್ಣ ವ್ಯಾಪಾರಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಎಲ್ಲವನ್ನೂ ಒಟ್ಟಾಗಿ ಒತ್ತೆಯಿಡುವ ಪದ್ಧತಿ ಸ್ವೀಡನ್ನಿನಲ್ಲಿದೆ. ಕಂಪೆನಿ ಮುಳುಗಿದರೆ ಅದೆಲ್ಲವನ್ನೂ ಬ್ಯಾಂಕು ಬಾಚಿಕೊಳ್ಳುತ್ತದೆ. ಉದ್ರಿ ಕೊಟ್ಟವನಿಗೆ ಉಳಿಯುವುದು ಬಿಲ್ಲಿನ ಕಾಗದ. ಇದು ಅನ್ಯಾಯವೆಂದು ಕಂಡು ಸೋಷಿಯಲ್ ಡೆಮಾಕ್ರಾಟರ ಆಡಳಿತದಲ್ಲಿ 2004ರ ಜನವರಿ 1ರಿಂದ ಒಂದು ಸುಧಾರಣೆ ಬಂತು. ಬ್ಯಾಂಕಿನ ಈ ಒತ್ತೆಯ ಹಕ್ಕನ್ನು ಶೇಕಡ 55ಕ್ಕೆ ಇಳಿಸಿದರು. ಅದರ ಜೊತೆಗೆ ಸರಕಾರ ತನ್ನ ತೆರಿಗೆ ಬಾಕಿಗೆ ಇದ್ದ ಅಗ್ರಸ್ಥಾನವನ್ನೂ ಬಿಟ್ಟುಕೊಟ್ಟಿತು. ಒತ್ತೆಯಿಲ್ಲದೆ ಸಾಲ ಕೊಟ್ಟ ಸಣ್ಣವರಿಗೂ ಒಂದಿಷ್ಟು ಉಳಿಯಲಿ, ಮುಳುಗುವ ಕಂಪೆನಿಯನ್ನು ಬ್ಯಾಂಕು ಬೇಗನೆ ಎಚ್ಚರಿಸಲಿ ಎಂಬುದು ಉದ್ದೇಶ. ಪಂಕ್ತಿಯ ಕೊನೆಯಲ್ಲಿ ನಿಂತವನಿಗಾಗಿ ಮುಂದೆ ಕುಳಿತವರು ಸ್ವಲ್ಪ ಸರಿದು ಕೂರಬೇಕೆಂದು ಕಾಯಿದೆಯೇ ಹೇಳಿತು.

ಐದೇ ವರ್ಷ. 2006ರಲ್ಲಿ ಬಲಪಕ್ಷಗಳ ಕೂಟ ಅಧಿಕಾರಕ್ಕೆ ಬಂತು. 2009ರ ಜನವರಿ 1ರಿಂದ ಬ್ಯಾಂಕಿನ ಒತ್ತೆಯ ಹಕ್ಕು ಮತ್ತೆ ಪೂರ್ಣವಾಯಿತು. ಸರಕಾರ ಮಾತ್ರ ತನ್ನ ತೆರಿಗೆಯ ಅಗ್ರಸ್ಥಾನವನ್ನು ಹಿಂದಕ್ಕೆ ಪಡೆಯಲಿಲ್ಲ. ಎಂದರೆ, ಸಣ್ಣವನಿಗಾಗಿ ಸಾರ್ವಜನಿಕ ಬೊಕ್ಕಸ ಬಿಟ್ಟುಕೊಟ್ಟ ಜಾಗವನ್ನು ಬ್ಯಾಂಕು ಆಕ್ರಮಿಸಿಕೊಂಡಿತು. ಸುಧಾರಣೆಗಳನ್ನು ತರುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು ಕಾರ್ಮಿಕನ ಎಲೆ. ಆಸ್ತಿ ಹಂಚುವ ಸಾಲಿನಲ್ಲಿ ಸಂಬಳದ ಬಾಕಿಯ ಸ್ಥಾನ ಬ್ಯಾಂಕಿನ ಒತ್ತೆಯ ಹಿಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಸ್ವೀಡನ್ನಿನ ಕಾರ್ಮಿಕನಿಗೂ ಬರಿಯ ಎಲೆಯೇ ಗತಿಯಾಗುತ್ತಿತ್ತು. ಆದರೆ 1970ರಲ್ಲಿಯೇ ಅವರು ಬೇರೊಂದು ದಾರಿ ಕಂಡುಕೊಂಡರು. ಅದು ಸಂಬಳದ ಖಾತರಿ ಕಾಯಿದೆ. ಕಂಪೆನಿ ದಿವಾಳಿಯಾದರೆ ಬಾಕಿ ಸಂಬಳವನ್ನೂ ನೋಟೀಸು ಅವಧಿಯ ಸಂಬಳವನ್ನೂ ಒಂದು ಮಿತಿಯೊಳಗೆ ಸರಕಾರವೇ ಕೊಡುತ್ತದೆ. 2025ರಲ್ಲಿ ಆ ಮಿತಿ ತೆರಿಗೆಗೆ ಮುಂಚೆ ತಲಾ 2,35,200 ಕ್ರೋನ, ಹೆಚ್ಚೆಂದರೆ ಎಂಟು ತಿಂಗಳ ಅವಧಿಗೆ. ನಮ್ಮ ಹಣದಲ್ಲಿ ಇದು 20 ಲಕ್ಷ ರೂಪಾಯಿಯ ಆಸುಪಾಸು. ಅಲ್ಲಿಯ ಜೀವನದ ಖರ್ಚೂ ಅಷ್ಟೇ ದೊಡ್ಡದೆಂಬುದನ್ನು ಮರೆಯಬಾರದು. ಯಾರಿಗೆ ಎಷ್ಟು ಸಲ್ಲಬೇಕೆಂದು ನಿರ್ವಾಹಕ ತೀರ್ಮಾನಿಸುತ್ತಾನೆ, ಪ್ರಾಂತಾಡಳಿತದ ಕಚೇರಿ ಹಣ ಸಂದಾಯ ಮಾಡುತ್ತದೆ. ಆಮೇಲೆ ಕಾರ್ಮಿಕನ ಜಾಗದಲ್ಲಿ ಸರಕಾರವೇ ಸಾಲಿಗನಾಗಿ ಸಾಲಿನಲ್ಲಿ ನಿಲ್ಲುತ್ತದೆ. ಕಾಯುವ ಕಷ್ಟ ಸರಕಾರದ್ದು, ಕಾರ್ಮಿಕನದ್ದಲ್ಲ.

ಈ ಕಾಯಿದೆಯ ಬಲ ಎಂಥದೆಂಬುದು 2011ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಟ್ರೋಲ್‌ಹೆಟ್ಟಾನ್ ಪಟ್ಟಣದ ಸಾಬ್ ಮೋಟಾರು ಕಾರ್ಖಾನೆಯಲ್ಲಿ ಸಿಬ್ಬಂದಿಗೆ ಆಗಸ್ಟ್ ತಿಂಗಳ ಸಂಬಳ ಬಟವಾಡೆಯಾಗಲಿಲ್ಲ. ಪುನರ್ವ್ಯವಸ್ಥೆಗೆ ಕಂಪೆನಿ ಹಾಕಿದ ಅರ್ಜಿಯನ್ನು ಕೆಳಗಿನ ಕೋರ್ಟು ತಿರಸ್ಕರಿಸಿತು. ಸೆಪ್ಟೆಂಬರ್ 12ರಂದು ಗುಮಾಸ್ತರ ಸಂಘವಾದ ಯೂನಿಯೋನೆನ್ ಮತ್ತು ಮೇಲ್ವಿಚಾರಕರ ಸಂಘವಾದ ಲೇದಾರ್ನ ಕೋರ್ಟಿಗೆ ಹೋಗಿ, ಕಂಪೆನಿಯನ್ನು ದಿವಾಳಿಯೆಂದು ಘೋಷಿಸಬೇಕೆಂದು ತಾವೇ ಅರ್ಜಿ ಹಾಕಿದವು. ಸಂಘವೇ ತನ್ನ ಕಾರ್ಖಾನೆಯ ದಿವಾಳಿ ಬೇಡುವುದೆ? ನಮ್ಮ ಗಿರಣಿಗಳ ಬಂಧುಗಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ನ್ಯಾಯಾಲಯದ ಆಜ್ಞೆಯಾಗದೆ ಸರಕಾರದ ಖಾತರಿ ಚಾಲೂ ಆಗುವುದಿಲ್ಲ. ಸಂಬಳವಿಲ್ಲದೆ ಮಾಲಿಕನ ಭರವಸೆಯ ಮಾತು ಕೇಳುತ್ತ ಕೂರುವುದಕ್ಕಿಂತ ಕಾಯಿದೆಯ ಬಾಗಿಲು ತಟ್ಟುವುದೇ ಲೇಸೆಂದು ಆ ಸಂಘಗಳು ತಿಳಿದಿದ್ದವು. ಸೆಪ್ಟೆಂಬರ್ 21ರಂದು ಮೇಲಿನ ಕೋರ್ಟು ಪುನರ್ವ್ಯವಸ್ಥೆಗೆ ಅನುಮತಿ ಕೊಟ್ಟಿತು. ಖಾತರಿಯ ಹಣವೂ ಬಂತು. ಸಂಘಗಳು ಅರ್ಜಿ ಹಿಂತೆಗೆದುಕೊಂಡವು. ಡಿಸೆಂಬರ್ 19ರಂದು ಕಂಪೆನಿ ನಿಜವಾಗಿಯೇ ದಿವಾಳಿಯಾಯಿತು. 3,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕೆಲಸ ಉಳಿಯಲಿಲ್ಲ ನಿಜ. ಆದರೆ ದುಡಿದ ದಿನದ ಸಂಬಳಕ್ಕಾಗಿ ಅವರು ಮಾಲಿಕನ ಕಾಲು ಹಿಡಿಯಬೇಕಾಗಲಿಲ್ಲ.

ಕಾಯಿದೆಯಲ್ಲಿ ಇನ್ನೂ ಕೆಲವು ಒಳ್ಳೆಯ ಅಂಶಗಳಿವೆ. ಸಾಲಿಗರ ಹಕ್ಕಿಗೆ ಹೇಳಿಕೊಳ್ಳುವಂಥ ಹಾನಿಯಾಗದಿದ್ದರೆ, ದೀರ್ಘಕಾಲದ ಉದ್ಯೋಗ ಉಳಿಯುವ ರೀತಿಯಲ್ಲಿ ಆಸ್ತಿಯ ವಿಲೇವಾರಿ ಮಾಡುವುದನ್ನು ನಿರ್ವಾಹಕ ಗಮನದಲ್ಲಿಡಬೇಕು. ಕಾರ್ಖಾನೆ ಮುಚ್ಚುವ ಅಥವಾ ಮಾರುವ ಮುನ್ನ ಅವನು ಸಂಘಗಳೊಡನೆ ಮಾತುಕತೆ ನಡೆಸಬೇಕು. 1976ರ ಕಾಯಿದೆಯೊಂದು ಈ ಹೊಣೆಯನ್ನು ಹೊರಿಸಿದೆ. ಹೊಸ ಮಾಲಿಕ ಕಾರ್ಖಾನೆ ಕೊಂಡು ಮತ್ತೆ ಕೆಲಸಕ್ಕೆ ಜನ ಬೇಕೆಂದರೆ, ಸಾಕಷ್ಟು ಕಾಲ ದುಡಿದ ಹಳೆಯ ಕೆಲಸಗಾರರಿಗೆ ಒಂಬತ್ತು ತಿಂಗಳವರೆಗೆ ಮೊದಲ ಹಕ್ಕು. ಕಂಪೆನಿ ನಡೆಸಿದವರು ಸಾಲಿಗರಿಗೆ ಮೋಸ ಮಾಡಿದ ಶಂಕೆ ಬಂದರೆ ನಿರ್ವಾಹಕ ಒಡನೆ ಸರಕಾರಿ ವಕೀಲರಿಗೆ ತಿಳಿಸಬೇಕು. ಮುಳುಗಿದ್ದೇಕೆಂಬುದನ್ನೂ ಬರೆದು ಒಪ್ಪಿಸಬೇಕು. ವಕೀಲ ಬರಿಯ ಹರಾಜುಗಾರನಲ್ಲ, ಸಮಾಜಕ್ಕೆ ಜವಾಬು ಹೇಳಬೇಕಾದವನು ಎಂಬ ಭಾವನೆ ಇವುಗಳ ಹಿಂದಿದೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಇವೆಲ್ಲ ಧಣಿಗಳ ದಯೆಯಿಂದ ಬಂದವಲ್ಲ. ವಿಮ್ಕೋ ಬೆಂಕಿಪೆಟ್ಟಿಗೆಯ ಹೆಸರು ನಮ್ಮ ಅಂಗಡಿಕಾರರಿಗೆ ಗೊತ್ತು. 1923ರಲ್ಲಿ ಆ ಕಂಪೆನಿಯನ್ನು ಇಂಡಿಯಾದಲ್ಲಿ ಸ್ಥಾಪಿಸಿದ್ದು ಸ್ವೀಡಿಷ್ ಮ್ಯಾಚ್. ಅದರ ಹಿಂದಿದ್ದ ಕುಬೇರ ಈವಾರ್ ಕ್ರೂಗರ್. 1932ರ ಮಾರ್ಚ್ 12ರಂದು ಅವನು ಪ್ಯಾರಿಸ್ಸಿನಲ್ಲಿ ಸತ್ತ. ಆಮೇಲೆ ಲೆಕ್ಕ ತೆರೆದರೆ ಅವನ ಸಾಮ್ರಾಜ್ಯದ ಬಹುಭಾಗ ಸುಳ್ಳು ಲೆಕ್ಕದ ಮೇಲೆ ನಿಂತಿತ್ತು. ಅವನಿಂದ ಪಕ್ಷಕ್ಕೆ ಹಣ ಪಡೆದಿದ್ದು ಬಯಲಾಗಿ ಪ್ರಧಾನಮಂತ್ರಿ ಏಕ್‌ಮನ್ ಆ ಆಗಸ್ಟಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಸೆಪ್ಟೆಂಬರಿನಲ್ಲಿ ಪೇರ್ ಆಲ್ಬಿನ್ ಹಾನ್ಸನ್ನರ ಸೋಷಿಯಲ್ ಡೆಮಾಕ್ರಾಟ್ ಸರಕಾರ ಬಂತು. ನಾರ್ತ್‌ವೋಲ್ಟಿನ ದಿವಾಳಿಯೂ ಮಾರ್ಚ್ 12ರಂದೇ ಆದದ್ದು ಕಾಕತಾಳೀಯ. ಆದರೆ ಆ ಎರಡು ತಾರೀಖುಗಳ ನಡುವಣ ಸಂಘಟಿತ ಹೋರಾಟ ಕಾಕತಾಳೀಯವಲ್ಲ. ಸಂಬಳದ ಖಾತರಿ, ಮಾತುಕತೆಯ ಹಕ್ಕು ಎರಡೂ ಆ ಕಾಲದ ಸಂಪಾದನೆ.

ಹಾಗೆಂದು ಸ್ವೀಡನ್ನಿನಲ್ಲಿ ಎಲ್ಲವೂ ಸರಿಯಾಗಿದೆಯೆ? ಇಲ್ಲ. ಶೆಲೆಫ್ತೆಯೊದಲ್ಲಿ ದುಡಿದವರಲ್ಲಿ ಹೊರದೇಶಗಳಿಂದ ಬಂದವರು ಬಹಳ. ನಮ್ಮ ದೇಶದವರೂ ಅವರಲ್ಲಿದ್ದರು. ಯೂರೋಪು ಒಕ್ಕೂಟದ ಹೊರಗಿನಿಂದ ಬಂದವನಿಗೆ ಕೆಲಸದ ಪರವಾನಗಿಯೇ ಆ ದೇಶದಲ್ಲಿ ಇರುವ ಪರವಾನಗಿ. 2025ರಲ್ಲಿದ್ದ ನಿಯಮದಂತೆ ಕೆಲಸ ಹೋದರೆ ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು. ಇಲ್ಲವಾದರೆ ಸಂಸಾರ ಕಟ್ಟಿಕೊಂಡು ಹೊರಡಬೇಕು. ಸಂಬಳದ ಖಾತರಿ ಅವನಿಗೂ ಉಂಟು, ನೆಲದ ಖಾತರಿ ಇಲ್ಲ. ಬಂಡವಾಳ ಬೇಕಾದಾಗ ಗಡಿ ದಾಟುತ್ತದೆ, ಮುಳುಗುವಾಗಲೂ ಟೆಕ್ಸಾಸಿನ ಕೋರ್ಟಿನವರೆಗೆ ಹೋಗಿಬರುತ್ತದೆ. ಅದೇ ಕಂಪೆನಿಯಲ್ಲಿ ದುಡಿದವನಿಗೆ ಮೂರು ತಿಂಗಳ ಗಡುವು.

ಟೆಕ್ಸಾಸಿಗೆ ಹೋದದ್ದಾದರೂ ಏಕೆ? ಅಮೆರಿಕದ ಕಾಯಿದೆಯ 11ನೆಯ ಅಧ್ಯಾಯದಲ್ಲಿ ಹಳೆಯ ಆಡಳಿತವೇ ಕುರ್ಚಿಯಲ್ಲಿ ಮುಂದುವರಿಯಬಹುದು. ಸಾಲಿಗರನ್ನು ತಡೆದು ನಿಲ್ಲಿಸಬಹುದು. ಹೊಸದಾಗಿ ಸಾಲ ಕೊಡುವವನಿಗೆ ಹಳಬರಿಗಿಂತ ಮುಂದಿನ ಸ್ಥಾನ ಕೊಡಬಹುದು. ಸುಮಾರು 24.5 ಕೋಟಿ ಡಾಲರಿನ ವ್ಯವಸ್ಥೆ ಹೀಗೆ ಆಯಿತೆಂದು ಕಂಪೆನಿ ಹೇಳಿತು. ನಾಲ್ಕು ತಿಂಗಳು ತುಂಬುವ ಮುನ್ನ ಅದೂ ಸಾಲದೆ ಹೋಯಿತು. ಈ ಅವಧಿಯ ವಕೀಲರ, ಸಲಹೆಗಾರರ ಬಿಲ್ಲುಗಳಿಗೂ ಆ ಕಾಯಿದೆಯಲ್ಲಿ ಮುಂದಿನ ಸ್ಥಾನವೇ.

ಕೊನೆಯ ಎಲೆ ಯಾರದು? ಇಂಥ ಕಾರ್ಖಾನೆ ಎಲ್ಲಿದ್ದರೂ ಅದರ ಸುತ್ತ ನೂರಾರು ಸಣ್ಣ ಉದ್ದಿಮೆಗಳು ಬದುಕುತ್ತವೆ: ಕೊಳಾಯಿ ಕೂಡಿಸುವವರು, ತಂತಿ ಎಳೆಯುವವರು, ಸಾಮಾನು ಸಾಗಿಸುವವರು, ಊಟ ಒದಗಿಸುವವರು. ಇವರು ಒತ್ತೆ ಕೇಳುವುದಿಲ್ಲ. ದೊಡ್ಡ ಕಂಪೆನಿಯ ಹೆಸರೇ ಒತ್ತೆಯೆಂದು ನಂಬಿ ಉದ್ರಿ ಕೊಡುತ್ತಾರೆ. ಇವರಿಗೆ ಸರಕಾರದ ಖಾತರಿಯಿಲ್ಲ, ಬ್ಯಾಂಕಿನ ಒತ್ತೆಯೂ ಇಲ್ಲ. ಹಂಡೆ ಇವರ ಮುಂದೆ ಬರುವಾಗ ತಳ ಕಾಣುತ್ತಿರುತ್ತದೆ. ಆಮೇಲೆ ಇವರ ಬಳಿ ದುಡಿಯುವವರೂ ಬೀದಿಗೆ ಬರುತ್ತಾರೆ. ಆದ್ದರಿಂದಲೇ ನಾವು ಹೇಳುವುದು, ಗಿರಣಿಯ ಕಾರ್ಮಿಕನೂ ಪೇಟೆಯ ಸಣ್ಣ ವ್ಯಾಪಾರಿಯೂ ದಿವಾಳಿಯ ದಿನ ಒಂದೇ ಕಡೆ ನಿಂತವರು. ಒಬ್ಬನ ಸಂಬಳ ನಿಂತರೆ ಇನ್ನೊಬ್ಬನ ಅಂಗಡಿಯ ಖಾತೆ ನಿಲ್ಲುತ್ತದೆ.

ಶೆಲೆಫ್ತೆಯೊದಲ್ಲಿ 2025ರ ಜೂನ್ ಮುಗಿಯುವಷ್ಟರಲ್ಲಿ ಉತ್ಪಾದನೆ ನಿಂತಿತು. ಆಗಸ್ಟಿನಲ್ಲಿ ಅಮೆರಿಕದ ಲೈಟೆನ್ ಎಂಬ ಕಂಪೆನಿ, ಸ್ವೀಡನ್ ಮತ್ತು ಜರ್ಮನಿಯಲ್ಲಿ ಉಳಿದಿದ್ದ ಆಸ್ತಿಯನ್ನು ಕೊಳ್ಳುವ ಒಪ್ಪಂದವಾಗಿದೆಯೆಂದು ಪ್ರಕಟಿಸಿತು. ಕಟ್ಟಿದವರು ಹೋಗುತ್ತಾರೆ, ಕೊಳ್ಳುವವರು ಬರುತ್ತಾರೆ. ನಡುವೆ ಕಳೆದ ತಿಂಗಳುಗಳನ್ನು ಯಾರು ಹೊರುತ್ತಾರೆಂಬುದೇ ಮುಖ್ಯ.

ಈಗ ನಮ್ಮ ಮನೆಯನ್ನು ನೋಡಿಕೊಳ್ಳೋಣ. ನಮ್ಮಲ್ಲಿ 2016ರ ದಿವಾಳಿ ಸಂಹಿತೆ ಇದೆ. ಅದರ 53ನೆಯ ಕಲಮಿನಲ್ಲಿ ಹಂಚಿಕೆಯ ಸಾಲು ಬರೆದಿದೆ. ಮೊದಲು ದಿವಾಳಿ ನಡೆಸಿದ ಖರ್ಚು ಪೂರ್ತಿ. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದಕ್ಕೆ ಸಮನಾಗಿ ಒತ್ತೆಯನ್ನು ಒಟ್ಟು ಆಸ್ತಿಗೆ ಬಿಟ್ಟುಕೊಟ್ಟ ಸಾಲಿಗರ ಬಾಕಿ. ಓದಲು ಇದು ಸ್ವೀಡನ್ನಿಗಿಂತ ಮೇಲು! ಅಲ್ಲಿ ಕಾರ್ಮಿಕ ಬ್ಯಾಂಕಿನ ಹಿಂದೆ, ಇಲ್ಲಿ ಬ್ಯಾಂಕಿನ ಪಕ್ಕದಲ್ಲಿ. ಆದರೆ ಅಲ್ಲಿ ಸಂಬಳವನ್ನು ಸರಕಾರ ಕೊಟ್ಟು ತಾನು ಕಾಯುತ್ತದೆ. ಇಲ್ಲಿ ಅಂಥ ಖಾತರಿ ಇಲ್ಲ, ಕಾರ್ಮಿಕನೇ ಕಾಯಬೇಕು. ಜೆಟ್ ಏರ್‌ವೇಸ್ ವಿಮಾನಗಳು 2019ರ ಏಪ್ರಿಲಿನಲ್ಲಿ ನಿಂತವು. ಕಂಪೆನಿಯ ಆಸ್ತಿಯನ್ನು ಮಾರಿ ಹಂಚಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ್ದು 2024ರ ನವೆಂಬರ್ 7ರಂದು. ಐದೂವರೆ ವರ್ಷ ಪಂಕ್ತಿಯಲ್ಲಿ ಕುಳಿತವನಿಗೆ ಸ್ಥಾನಮಾನದಿಂದ ಹೊಟ್ಟೆ ತುಂಬುವುದೆ?

ಸಣ್ಣ ವ್ಯಾಪಾರಿಯ ಪಾಡು ಇನ್ನೂ ಕೆಳಗೆ. ಮಾಲು ಕೊಟ್ಟು ಬಾಕಿ ಉಳಿಸಿಕೊಂಡವನಿಗೆ ಸಾಲಿಗರ ಸಮಿತಿಯಲ್ಲಿ ಸಾಮಾನ್ಯವಾಗಿ ಮತವಿಲ್ಲ. ಮತವೆಲ್ಲ ಬ್ಯಾಂಕುಗಳಂಥ ಹಣದ ಸಾಲಿಗರದು. 2020ರ ಮಾರ್ಚಿನಲ್ಲಿ, ದಿವಾಳಿ ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿಯನ್ನು 1 ಲಕ್ಷ ರೂಪಾಯಿಯಿಂದ 1 ಕೋಟಿಗೆ ಏರಿಸಲಾಯಿತು. ಅಂದರೆ 50 ಲಕ್ಷ ಮುಳುಗಿದವನಿಗೆ ಈ ಕಾಯಿದೆಯ ಬಾಗಿಲೇ ಇಲ್ಲ.

ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು, ಕಂಪೆನಿ ಮುಳುಗಿದ ಒಡನೆ ಬಾಕಿ ಸಂಬಳ ಕೊಡುವ ಸಂಬಳ ಖಾತರಿ ನಿಧಿ ಕಾಯಿದೆಯಿಂದ ಸ್ಥಾಪನೆಯಾಗಬೇಕು. ಕೊಟ್ಟದ್ದನ್ನು ಸರಕಾರ ಆಸ್ತಿಯಿಂದ ವಸೂಲು ಮಾಡಿಕೊಳ್ಳಲಿ. ಎರಡು, ಒತ್ತೆ ಹಿಡಿದ ಬ್ಯಾಂಕಿನ ಪಾಲಿನಿಂದ ಒಂದು ಭಾಗವನ್ನು ಒತ್ತೆಯಿಲ್ಲದ ಸಣ್ಣ ಸಾಲಿಗರಿಗೆ ಮೀಸಲಿಡಬೇಕು. ಸ್ವೀಡನ್ 2004ರಲ್ಲಿ ಮಾಡಿದ್ದನ್ನು ನಾವು ಮಾಡಿ, 2009ರಲ್ಲಿ ಕೆಡಿಸಿದ್ದನ್ನು ಕೆಡಿಸದಿರೋಣ. ಮೂರು, ಕಾರ್ಖಾನೆ ಮುಚ್ಚುವ ಅಥವಾ ಮಾರುವ ಮುನ್ನ ಸಂಘದೊಡನೆ ಮಾತುಕತೆ ಕಡ್ಡಾಯವಾಗಬೇಕು. ನಾಲ್ಕು, ದಿವಾಳಿ ನಡೆಸುವವರ ಫೀಸಿನ ಲೆಕ್ಕವನ್ನು ಕಾರ್ಖಾನೆಯ ಗೇಟಿನ ಬೋರ್ಡಿನ ಮೇಲೆಯೇ ಅಂಟಿಸಬೇಕು.

ವಕೀಲರ ಮೇಲೆ ನಮಗೆ ದ್ವೇಷವಿಲ್ಲ. ಸಮರ್ಥನೂ ಪ್ರಾಮಾಣಿಕನೂ ಆದ ನಿರ್ವಾಹಕ ಕಾರ್ಖಾನೆಯ ಒಂದು ಭಾಗವನ್ನಾದರೂ ಉಳಿಸಬಲ್ಲ. ಆದರೆ ಅವನು ಬಡಿಸುವವನು. ಯಾರಿಗೆ ಮೊದಲು ಬಡಿಸಬೇಕೆಂದು ಹೇಳುವುದು ಕಾಯಿದೆ. ಆ ಕಾಯಿದೆಯನ್ನು ಬರೆಸುವವರು, ಬರೆದದ್ದನ್ನು ಕಾಯುವವರು ನಾವಾಗಬೇಕು. ಗಿರಣಿಯ ಸಂಘವೂ ಪೇಟೆಯ ವರ್ತಕರ ಸಂಘವೂ ಬೇರೆ ಬೇರೆಯಾಗಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಈ ನಾಲ್ಕು ಬೇಡಿಕೆಗಳ ಮೇಲೆ ಎರಡೂ ಸಂಘಗಳು ಒಂದೇ ವೇದಿಕೆಯಲ್ಲಿ ಸಭೆ ಸೇರಲಿ. ಕಾರ್ಖಾನೆ ನಡೆಯುತ್ತಿರುವಾಗಲೇ ಸೇರಲಿ. ಮುಳುಗಿದ ಮೇಲೆ ಸೇರಿದರೆ ಗೇಟಿಗೆ ಬೀಗ ಬಿದ್ದಿರುತ್ತದೆ.